ಭತ್ತ ಬೆಳೆಯದ ಊರಿನಲ್ಲಿ ತೆನೆ ಹಬ್ಬ

ಸೆಪ್ಟೆಂಬರ್ 8 ವಾರದ ಯಾವ ದಿನ ಬಂದರೂ ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕೆಥೊಲಿಕರ ಅಡುಗೆಮನೆಯಲ್ಲಿ ಅಂದು ಮೀನಿಲ್ಲ, ಮಾಂಸವಿಲ್ಲ. ಮಾತೆ ಮರಿಯಮ್ಮನವರ ಹುಟ್ಟುಹಬ್ಬವೂ ಹೊಸ ಬೆಳೆಯ ಹಬ್ಬವೂ ಕೂಡಿದ ಮೊಂತಿ ಫೆಸ್ತ್ ಅದು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಮ್ಮನಿಗೆ ಎರಚುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಹೊಸ ಬೆಳೆಯ ಊಟವಾದ ‘ನವೆಂ’ ಉಣ್ಣುತ್ತಾರೆ. ನೇತ್ರಾವತಿ ದಡದ ಫರಂಗಿಪೇಟೆಯಲ್ಲಿ, ಮೊಂತೆ ಮರಿಯಾನೊ ಚರ್ಚಿನ ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂದ 1763ರಲ್ಲಿ ಇದನ್ನು ಆರಂಭಿಸಿದರೆಂದು ಸಮುದಾಯದ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಪಕ್ಕದ ಮನೆಯ ತುಳುವರ ಹೊಸ ಅಕ್ಕಿ ಊಟವಾದ ಪುದ್ವಾರಿಗೂ ಇದಕ್ಕೂ ಗದ್ದೆ ಒಂದೇ.

ದುಬೈ, ಕುವೈತ್, ಲಂಡನ್, ಟೊರೊಂಟೊಗಳಲ್ಲಿ ಹಬ್ಬ ಸಾಮಾನ್ಯವಾಗಿ ವಾರಾಂತ್ಯಕ್ಕೆ ಸರಿಯುತ್ತದೆ. 2026ರಲ್ಲಿ 8ನೇ ತಾರೀಕು ಮಂಗಳವಾರ, 2027ರಲ್ಲಿ ಬುಧವಾರ. ಭಾನುವಾರ ಬರುವುದು ಇನ್ನು 2030ಕ್ಕೆ. ಸಂಘದವರು ಹಾಲ್ ಹಿಡಿಯುತ್ತಾರೆ, ಕೇಟರಿಂಗ್ ಇರುತ್ತದೆ, ಊಟದ ನಂತರ ಲಕ್ಕಿ ಡ್ರಾ. ಅದು ಬೇಕು, ಊರಿನವರನ್ನು ಕಾಣಲು ಬೇರೆ ದಾರಿ ಕಡಿಮೆ. ಆದರೆ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರಿಗೆ ನವೆಂ ಹಂಚುವ ಹಿರಿಯರು ಯಾರು? ಸಂಘದ ಊಟ ಶನಿವಾರ ಆಗಲಿ, ಮನೆಯ ಊಟ 8ರಂದೇ ಇರಲಿ. ಮಧ್ಯಾಹ್ನ ಸಾಧ್ಯವಿಲ್ಲದಿದ್ದರೆ ರಾತ್ರಿ, ಒಂಬತ್ತು ಬಗೆಯ ಅಡುಗೆ ಆಗದಿದ್ದರೆ ಮೂರು.

ಮೊದಲ ತೊಡಕು ತೆನೆಯದು. ಹಿಂದೆ ಊರಿನಿಂದ ಕಾಗದದ ಲಕೋಟೆಯಲ್ಲಿ ನಾಲ್ಕು ಕಾಳು ಬರುತ್ತಿದ್ದವು. ಈಗ ಅದನ್ನು ನೆಚ್ಚಬೇಡಿ. ಅಮೆರಿಕ ಮತ್ತು ಆಸ್ಟ್ರೇಲಿಯ ದಾಸ್ತಾನಿನ ಧಾನ್ಯ ತಿನ್ನುವ ಖಾಪ್ರಾ ಹುಳುವಿನ ಭಯದಿಂದ ಭಾರತದ ಅಕ್ಕಿಯನ್ನೇ ಪ್ರಯಾಣಿಕರ ಚೀಲದಲ್ಲೂ ಅಂಚೆಯಲ್ಲೂ ಬಿಡುವುದಿಲ್ಲ, ಸಿಪ್ಪೆ ಇರುವ ಭತ್ತದ ಮಾತು ಹಾಗಿರಲಿ. ಬಚ್ಚಿಟ್ಟು ತಂದ ಕಾಳನ್ನು ದೇವರ ಮುಂದಿಟ್ಟು ಪ್ರಾರ್ಥಿಸುವುದು ಮಕ್ಕಳಿಗೆ ಒಳ್ಳೆಯ ಪಾಠವೂ ಅಲ್ಲ.

ಬಕೆಟ್ಟಿನಲ್ಲಿ ಬೆಳೆಯಬಹುದು. ಇಪ್ಪತ್ತು ಲೀಟರಿನ, ತೂತಿಲ್ಲದ ಬಕೆಟ್ಟಿಗೆ ಒಂದು ಗೇಣು ಜೇಡಿಮಣ್ಣು ಬೆರೆತ ತೋಟದ ಮಣ್ಣು, ಮೇಲೆ ಎರಡು ಇಂಚು ನೀರು, ಮೂರು ಸಸಿ. ಬೀಜ ಆ ದೇಶದಲ್ಲೇ ಮಾರುವ, ಬೇಗ ತೆನೆ ಕಟ್ಟುವ ತಳಿಯದ್ದಾಗಿರಬೇಕು. ಅಮೆರಿಕದ ಈಶಾನ್ಯದಲ್ಲಿ ದುಬೋರ್ಸ್ಕಿಯನ್ ಎಂಬ, ನೀರು ನಿಲ್ಲದ ನೆಲದಲ್ಲೂ ಬೆಳೆಯುವ, ಮೂಲತಃ ರಷ್ಯದ ಭತ್ತ ಸಿಗುತ್ತದೆ. ಚಳಿಯ ದೇಶದಲ್ಲಿ ಏಪ್ರಿಲ್ ಮಧ್ಯದಲ್ಲಿ ಮನೆಯೊಳಗೆ ಬಿತ್ತಿ, ಇಬ್ಬನಿ ಹೆಪ್ಪುಗಟ್ಟುವ ಕಾಲ ಕಳೆದ ಮೇಲೆ ಹೊರಗಿಡಬೇಕು. ತೆನೆ ಹೊರಡುವ ಮುಂಚೆ ರಾತ್ರಿಯ ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿದರೆ ಪರಾಗ ಕೆಟ್ಟು ಬರೀ ಜೊಳ್ಳು ಬರುತ್ತದೆ. ಅಂಥ ರಾತ್ರಿ ಬಕೆಟ್ ಒಳಗೆ ಬರಲಿ. ಕಾಳಿನಲ್ಲಿ ಹಾಲು ತುಂಬುವ ಹೊತ್ತಿಗೆ ಗುಬ್ಬಚ್ಚಿಗಳು ಬರುತ್ತವೆ, ಬಲೆ ಮುಚ್ಚಿ. ಜೂನ್‌ನಲ್ಲಿ ನೆನಪಾಗಿ ಬಿತ್ತಿದವರಿಗೆ ಸೆಪ್ಟೆಂಬರಿನಲ್ಲಿ ಹುಲ್ಲು ಮಾತ್ರ ಸಿಗುತ್ತದೆ.

ಅದೂ ಆಗದಿದ್ದರೆ ಆ ನೆಲದ ಮೊದಲ ಬೆಳೆ ತನ್ನಿ. ಇಂಗ್ಲೆಂಡಿನಲ್ಲಿ ಆಗಸ್ಟ್ ಗೋಧಿ ಕೊಯ್ಲಿನ ತಿಂಗಳು. ರೈತರನ್ನು ಕೇಳಿ ತಂದ ಹತ್ತು ಗೋಧಿ ತೆನೆಗೆ ಪಾದ್ರಿಗಳ ಆಶೀರ್ವಾದ ಸಿಕ್ಕರೆ ಯಾವ ಕೊರತೆಯೂ ಇಲ್ಲ. ಕೊಟ್ಟವನಿಗೆ ಮೊದಲ ಪಾಲು ತೋರಿಸಿ ಉಣ್ಣುವ ಹಬ್ಬ ಇದು, ಭತ್ತವೇ ಆಗಬೇಕೆಂಬ ಹಟ ನಮ್ಮದೇ ಹೊರತು ದೇವರದ್ದಲ್ಲ.

ಹಬ್ಬದ ನಿಜವಾದ ತಯಾರಿ ಬೇರೆಯೇ ಇದೆ, ಮತ್ತು ಪರದೇಶದಲ್ಲಿ ಬಿಟ್ಟುಹೋಗುವುದೂ ಅದೇ. ಕಾಣಿಕೆ ತಂದವನಿಗೆ ಸಹೋದರನ ಜೊತೆಗಿನ ಜಗಳ ನೆನಪಾದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ರಾಜಿಯಾಗಿ ಬರಬೇಕು ಎಂಬುದು ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದ ಮಾತು. ಹಬ್ಬದ ಮುಂಚಿನ ನೊವೆನಾ ಪ್ರಾರ್ಥನೆಯ ಒಂಬತ್ತು ದಿನ ಇರುವುದು ಹೂವಿಗೆ ಮಾತ್ರವಲ್ಲ. ಮಾತು ಬಿಟ್ಟ ಅಣ್ಣನಿಗೋ ಅತ್ತಿಗೆಗೋ ಈ ದಿನಗಳಲ್ಲೇ ಫೋನ್ ಮಾಡಿ. ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರಿಗೂ ಒಟ್ಟಿಗೆ ಕ್ಷಮೆ ಕೇಳುವ ಸಂದೇಶ ಕ್ಷಮೆಯಲ್ಲ. ಯಾರನ್ನು ಕೇಳಿದ್ದು ಎಂದು ಯಾರಿಗೂ ತಿಳಿಯುವುದಿಲ್ಲ. ಒಬ್ಬರಿಗೇ ಮಾಡಿ, ತಪ್ಪನ್ನು ಹೆಸರಿಟ್ಟು ಹೇಳಿ, ‘ಆದರೆ ನೀನೂ’ ಎಂದು ಶುರುವಾಗುವ ವಾಕ್ಯ ನುಂಗಿಬಿಡಿ. ಮನೆಯ ಪಾಲು, ಅಮ್ಮನ ಆಸ್ಪತ್ರೆ ಖರ್ಚು ಇವನ್ನೆಲ್ಲ ಅದೇ ಕರೆಯಲ್ಲಿ ತೆಗೆದರೆ ಹತ್ತು ನಿಮಿಷದಲ್ಲಿ ಹಳೆಯ ಜಾಗಕ್ಕೇ ಬಂದು ನಿಲ್ಲುತ್ತೀರಿ. ಅದಕ್ಕೆ ಇನ್ನೊಂದು ದಿನ ಗೊತ್ತುಮಾಡಿ. ಆ ಕಡೆಯವರು ಫೋನ್ ಎತ್ತದೆಯೂ ಇರಬಹುದು. ಆಗ ಅವರ ಹೆಸರನ್ನು ಊಟದ ಪ್ರಾರ್ಥನೆಯಲ್ಲಿ ಹೇಳಿ, ಬೈಗುಳ ಬೆರೆಸದೆ.

ಒಂದೇ ಮನೆಯೊಳಗಿನ ಲೆಕ್ಕ ಇನ್ನೂ ಸೂಕ್ಷ್ಮ. ಪಾಳಿ ಕೆಲಸ ಮುಗಿಸಿ ಬಂದ ನರ್ಸ್ ಹೆಂಡತಿ ಒಬ್ಬಳೇ ಒಂಬತ್ತು ಬಗೆ ಮಾಡಿ, ಎಲ್ಲರಿಗೂ ಬಡಿಸಿ, ಕೊನೆಗೆ ತಣ್ಣಗಿನ ಅನ್ನ ಉಂಡರೆ ಆ ಮನೆಯಲ್ಲಿ ನವೆಂ ಆಗಲಿಲ್ಲ. ಎಲ್ಲರೂ ಒಟ್ಟಿಗೆ ಕೂರುವುದೇ ಈ ಊಟದ ನಿಯಮ. ಆದ್ದರಿಂದ ಪ್ರಾರ್ಥನೆಗೆ ಮೊದಲೇ ಎಲ್ಲ ಪಾತ್ರೆ ಮೇಜಿನ ಮೇಲಿರಬೇಕು, ಯಾರೂ ಒಲೆಯ ಹತ್ತಿರ ಇರಬಾರದು. ಬಗೆಗಳ ಸಂಖ್ಯೆ ಬೆಸ ಆಗಿರುವುದು ಸಂಪ್ರದಾಯ: ಮೂರು, ಐದು, ಏಳು, ಒಂಬತ್ತು. ವೊರ್ನ್ ಪಾಯಸ ಲೆಕ್ಕಕ್ಕೆ ಸೇರುತ್ತದೆಯೇ ಎಂಬ ಬಗ್ಗೆ ಮನೆಗೊಂದು ಶಾಸ್ತ್ರವಿದೆ. ಎಲ್ಲರೂ ಕೆಲಸಕ್ಕೆ ಹೋಗುವ ಮನೆಗೆ ಅದನ್ನೂ ಸೇರಿಸಿ ಐದು ಧಾರಾಳ.

ಬಿಡಬಾರದ್ದು ಕೆಸುವಿನ ದಂಟು, ಸೊಪ್ಪು. ಊರಿನದೇ ಬೇಕಿಲ್ಲ: ಗುಜರಾತಿ ಅಂಗಡಿಯ ಪಾತ್ರಾ ಎಲೆ, ಕೆರಿಬಿಯನ್ ಅಂಗಡಿಯ ದಶೀನ್ ಎಲೆ ಎರಡೂ ಕೆಸುವೇ. ದಂಟಿನ ಸಿಪ್ಪೆ ಸುಲಿದು ಎರಡಿಂಚಿಗೆ ಕತ್ತರಿಸಿ, ಎಲೆಯನ್ನು ಸುತ್ತಿ ಗಂಟು ಹಾಕಿ. ಗಂಟಲು ತುರಿಸುವುದು ಒಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳಿನಿಂದ. ಅರೆಬೆಂದರೆ ಮಕ್ಕಳು ಮುಂದಿನ ವರ್ಷವೂ ಮುಟ್ಟುವುದಿಲ್ಲ. ನಿಂಬೆ ಗಾತ್ರದ ಹುಣಸೆಹುಳಿ ಹಾಕಿ ಗಂಟು ಕರಗುವಷ್ಟು ಬೇಯಿಸಿ, ಆಮೇಲೆ ತೆಂಗಿನ ಮಸಾಲೆ. ಹುಳಿಗೆ ಅಂಬಟೆ ಸಿಗದಿದ್ದರೆ ಕೆರಿಬಿಯನ್ ಅಂಗಡಿಯಲ್ಲಿ ಜೂನ್ ಪ್ಲಮ್ ಕೇಳಿ, ಅದು ಅಂಬಟೆಯ ಹತ್ತಿರದ ಬಂಧು. ತೊಂಡೆಕಾಯಿಗೆ ಹಸಿ ಗೇರುಬೀಜದ ಬದಲು ಒಣ ಗೋಡಂಬಿಯನ್ನು ರಾತ್ರಿ ನೆನೆಸಿಟ್ಟರೆ ಸಾಕು. ಫ್ರೀಜರಿನ ತೊಂಡೆಯನ್ನು ಕರಗಿಸದೆ ನೇರ ಬಿಸಿ ಬಾಣಲೆಗೆ ಹಾಕಿ, ಇಲ್ಲದಿದ್ದರೆ ನೀರು ಬಿಟ್ಟು ಮುದ್ದೆಯಾಗುತ್ತದೆ. ಬೆಂಡೆ, ಅಲಸಂದೆಗೆ ಹೇಳುವಂಥದ್ದೇನಿಲ್ಲ.

ವೊರ್ನ್ ಆರು ಜನಕ್ಕೆ: ಒಂದು ಕಪ್ ಹೆಸರುಬೇಳೆ, 200 ಗ್ರಾಂ ಬೆಲ್ಲ, 400 ಮಿಲಿಯ ಒಂದು ಡಬ್ಬಿ ತೆಂಗಿನ ಹಾಲು, ನಾಲ್ಕು ಏಲಕ್ಕಿ, ಚಿಟಿಕೆ ಉಪ್ಪು. ಬೇಳೆ ಪೂರ್ತಿ ಮೆತ್ತಗಾಗುವ ಮೊದಲು ಬೆಲ್ಲ ಬಿದ್ದರೆ ಅದು ಮತ್ತೆ ಬೇಯುವುದಿಲ್ಲ. ತೆಂಗಿನ ಹಾಲು ಕೊನೆಗೆ, ಉರಿ ಆರಿಸಿ, ಕುದಿಸಿದರೆ ಒಡೆಯುತ್ತದೆ. ಇದನ್ನು ಗಂಡಸರು ಮಾಡಲಿ, ಕಷ್ಟವೇನಿಲ್ಲ.

ಕ್ರಮ ಹೀಗೆ. ತೆನೆಯನ್ನು ಮನೆಯ ಆಲ್ತಾರಿನ (ದೇವರ ಪೀಠದ) ಮುಂದಿಟ್ಟು ಮೇಣದಬತ್ತಿ ಹಚ್ಚಿ, ಹೊಗೆ ಸಂವೇದಕದ ನೇರ ಕೆಳಗೆ ಬೇಡ. ಕೆಲವು ಕಾಳು ಸುಲಿದು ಕುಟ್ಟಿ ಸ್ವಲ್ಪ ತೆಂಗಿನ ಹಾಲಿಗೆ ಬೆರೆಸಿ. ಕಾಳು ಇನ್ನೂ ಎಳೆಯದಾಗಿದ್ದರೆ ಹಿಂಡಿದರೆ ಬರುವ ಹಾಲೇ ಸಾಕು. ಪ್ರಾರ್ಥನೆ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿರಲಿ. ಕೊಂಕಣಿ ಬಾರದ ಸೊಸೆ ಅಥವಾ ಅಳಿಯ ಇದ್ದರೆ ಕನ್ನಡವೋ ಇಂಗ್ಲಿಷೋ ಆಗಲಿ. ಅಗಲಿದವರ, ದೂರ ಇರುವವರ, ಮುನಿದವರ ಹೆಸರು ಹೇಳಿ. ಆಮೇಲೆ ಮನೆಯ ಹಿರಿಯರು ಒಬ್ಬೊಬ್ಬರಿಗೂ ಒಂದೊಂದು ಚಮಚ ಕೊಡುತ್ತಾರೆ. ಬಾಡಿಗೆ ಹಂಚಿಕೊಂಡು ಜೊತೆಯಲ್ಲಿರುವ ಗೆಳೆಯ, ಮಗು ನೋಡಿಕೊಳ್ಳುವವರು, ಊರಿಗೆ ಹೋಗಲಾಗದ ವಿದ್ಯಾರ್ಥಿ ಇವರಿಗೂ ಅದೇ ಸಾಲಿನಲ್ಲಿ ಜಾಗ. ಗಲ್ಫಿನ ಒಂಟಿ ಗಂಡಸರ ಕೋಣೆಗಳಲ್ಲಿ ವಯಸ್ಸಾದವನೇ ಅಪ್ಪನ ಸ್ಥಾನದಲ್ಲಿ ನಿಲ್ಲಬಹುದು.

ವಿಡಿಯೊ ಕರೆಗೆ ಮಂಗಳೂರಿನ ಮಧ್ಯಾಹ್ನ 12.30ರ ಊಟ ದುಬೈಗೆ 11 ಗಂಟೆ, ಲಂಡನ್ನಿಗೆ ಬೆಳಿಗ್ಗೆ 8, ಟೊರೊಂಟೊಗೆ ನಡುರಾತ್ರಿ ದಾಟಿ 3. ಮಂಗಳೂರಿನ ಸಂಜೆ 7.30ರ ತೇರ್ಸಿನ, ಅಂದರೆ ಜಪಸರ ಪ್ರಾರ್ಥನೆಯ, ಹೊತ್ತು ವಾಸಿ: ದುಬೈಗೆ 6, ಲಂಡನ್ನಿಗೆ ಮಧ್ಯಾಹ್ನ 3, ಟೊರೊಂಟೊಗೆ ಬೆಳಿಗ್ಗೆ 10. ಸಿಡ್ನಿಯವರು ಮಾತ್ರ ಮಧ್ಯರಾತ್ರಿವರೆಗೆ ಎದ್ದಿರಬೇಕು. ಜಪಸರವನ್ನು ಎಲ್ಲರೂ ಒಟ್ಟಿಗೆ ಹೇಳಲು ಹೋದರೆ ಧ್ವನಿ ಹಿಂದುಮುಂದಾಗಿ ಗದ್ದಲವೇ ಆಗುತ್ತದೆ. ಒಂದು ಮನೆ ಮುಂದಾಳತ್ವ ವಹಿಸಿ, ಉಳಿದವರು ಮೈಕ್ ಮುಚ್ಚಿ ತಮ್ಮಷ್ಟಕ್ಕೆ ಉತ್ತರ ಹೇಳಲಿ. ಕೊನೆಗೆ ಮಕ್ಕಳು ಅಜ್ಜ ಅಜ್ಜಿಯರ ಬೆಸಾಂವ್ (ಆಶೀರ್ವಾದ) ಕೇಳುವಾಗ ಒಂದೊಂದೇ ಮೈಕ್ ತೆರೆಯಿರಿ, ಕಿವಿ ಮಂದವಾದ ಅಜ್ಜನಿಗೆ ಮಗುವಿನ ಹೆಸರು ಸ್ಪಷ್ಟ ಕೇಳಿಸುತ್ತದೆ.