ಕೈ ಎತ್ತಬಾರದಂತೆ

ಗುರುವಾರ, 12 ಜೂನ್ 2025, ರಾತ್ರಿ

ಪುಟ್ಟಿ ಈಗಷ್ಟೇ ಮಲಗಿದಳು. ನನಗೆ ನಿದ್ದೆ ಹತ್ತುತ್ತಿಲ್ಲ. ಬರೆದುಬಿಟ್ಟರೆ ಮನಸ್ಸು ಸ್ವಲ್ಪ ಹಗುರ ಆಗಬಹುದು.

ಸಂಜೆ ಇಬ್ಬರೂ ಬಟ್ಟೆ ಒಣಗಿ ಹಾಕುತ್ತಿದ್ದೆವು. ಅವಳು ಟವೆಲ್ ಕೊಡವಿ ತಂತಿಯ ಕಡೆ ಕೈ ಎತ್ತಿದಳು. ಅರ್ಧಕ್ಕೇ ನಿಲ್ಲಿಸಿದಳು. ಬಿಸಿ ತಾಗಿದವಳ ಹಾಗೆ ಕೈ ಕೆಳಗಿಳಿಸಿ, ಒದ್ದೆ ಟವೆಲನ್ನು ಹೊಟ್ಟೆಗೆ ಅವಚಿಕೊಂಡು ನಿಂತಳು. ನೀರು ಇಳಿದು ನೈಟಿಯೆಲ್ಲ ಒದ್ದೆ ಆಗ್ತಾ ಇತ್ತು. ಅವಳಿಗೆ ಅದರ ಪರಿವೆಯೇ ಇಲ್ಲ.

"ಅಕ್ಕಾ, ನೀನೇ ಹಾಕು. ನಾನು ಕೈ ಮೇಲೆತ್ತಲ್ಲ."

"ಯಾಕೆ, ಭುಜ ನೋವಾ?"

"ಕೈ ಎತ್ತಿದ್ರೆ ಹೊಕ್ಕುಳಬಳ್ಳಿ ಮಗು ಕತ್ತಿಗೆ ಸುತ್ಕೊಳ್ಳುತ್ತಂತೆ. ದೊಡ್ಡಮ್ಮ ಹೇಳಿದ್ರು."

ಬಿಡೇ ಅಂತ ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಸುಮ್ಮನಾದೆ. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಸೋಮವಾರದ ಸ್ಕ್ಯಾನಿಂಗ್‌ನಲ್ಲಿ ಬಳ್ಳಿ ಕತ್ತಿನ ಸುತ್ತ ಒಂದು ಸುತ್ತು ಇದೆ ಅಂತ ಬಂದಿದೆ. ಡಾಕ್ಟರು ಚಿಂತೆ ಮಾಡಬೇಡಿ ಅಂದಿದ್ದಾರೆ. ಇವಳು ಗಂಡನಿಗೂ ಹೇಳಿಲ್ಲ. ಹದಿನೈದು ದಿನದ ಹಿಂದೆ ಸ್ಟೂಲ್ ಹತ್ತಿ ಕಿಟಕಿಗೆ ಪರದೆ ಹಾಕಿದ್ದಳಂತೆ. ನಾಲ್ಕು ದಿನದಿಂದ ಅದೊಂದೇ ಯೋಚನೆ.

"ನಾನೇ ಸುತ್ತಿಸಿಬಿಟ್ಟೆ ಅಲ್ವಾ ಅಕ್ಕ?"

ಬಟ್ಟೆ ಬಕೆಟ್‌ನಲ್ಲೇ ಬಿಟ್ಟು ಮೆಟ್ಟಿಲ ಮೇಲೆ ಕೂತೆವು. ಹೊಲಿಗೆ ಡಬ್ಬಿಯಿಂದ ಅಳತೆ ಟೇಪು ತಂದೆ. ಬಳ್ಳಿ ಸಾಮಾನ್ಯವಾಗಿ 50ರಿಂದ 60 ಸೆಂಟಿಮೀಟರ್ ಇರುತ್ತೆ. ಅಷ್ಟುದ್ದ ಹಿಡಿದು ತೋರಿಸಿದೆ. ಅವಳು ಒಂದು ತುದಿ ಹಿಡಿದುಕೊಂಡಳು. ಇಷ್ಟುದ್ದದ ಬಳ್ಳಿ ಪಕ್ಕದಲ್ಲೇ ಇದೆ, ಮಗು ನೀರಿನಲ್ಲಿ ಹಗಲೂ ರಾತ್ರಿ ಹೊರಳ್ತಾ ಇರುತ್ತೆ. ಒಂದು ಸಲ ಸುತ್ತಿಕೊಳ್ಳುತ್ತೆ, ಇನ್ನೊಂದು ಸಲ ತಾನೇ ಬಿಡಿಸಿಕೊಳ್ಳುತ್ತೆ. ನಾಲ್ಕೈದು ಹೆರಿಗೆಯಲ್ಲಿ ಒಂದರಲ್ಲಿ ಹೀಗೆ ಸುತ್ತಿಕೊಂಡೇ ಮಗು ಬರುತ್ತೆ. ಸುತ್ತೋದು ಮಗುವಿನ ಓಡಾಟ. ಅಮ್ಮನ ತೋಳಿಗೂ ಗರ್ಭದೊಳಗಿನ ಬಳ್ಳಿಗೂ ಸಂಬಂಧವೇ ಇಲ್ಲ. ನೀನು ಪರದೆ ಹಾಕು, ತಲೆ ಬಾಚು, ಬೇಕಾದರೆ ಎರಡೂ ಕೈ ಎತ್ತಿ ಮೈ ಮುರಿ.

"ಉಸಿರು ಕಟ್ಟಲ್ವಾ?"

ಒಳಗಿರುವ ಮಗು ಮೂಗಿನಿಂದ ಗಾಳಿ ಎಳೆಯಲ್ಲ ಕಣೇ ಅಂದೆ. ಅದಕ್ಕೆ ಬೇಕಾದ ಆಮ್ಲಜನಕ ಬರೋದು ಬಳ್ಳಿಯ ರಕ್ತದಲ್ಲಿ. ಆ ರಕ್ತನಾಳಗಳ ಸುತ್ತ ಜೆಲ್ಲಿ ಥರದ ಪದರ ಇರುತ್ತೆ, ಸುಲಭಕ್ಕೆ ಅದುಮಿ ಹೋಗದ ಹಾಗೆ. ತಲೆ ಹೊರಗೆ ಬಂದಾಗ ಎಷ್ಟೋ ಸಲ ಬೆರಳಲ್ಲೇ ಬಳ್ಳಿ ಜಾರಿಸಿಬಿಡುತ್ತಾರೆ. ಅಪರೂಪಕ್ಕೆ ಬಿಗಿಯಾಗಿ ತೊಂದರೆ ಆಗೋದೂ ಇದೆ, ಅದನ್ನು ಅವಳಿಂದ ಮುಚ್ಚಿಡಲಿಲ್ಲ. ಅದಕ್ಕೇ ಅಲ್ವಾ ಹೆರಿಗೆ ಹೊತ್ತಲ್ಲಿ ಮಗುವಿನ ಎದೆಬಡಿತ ನೋಡ್ತಾ ಇರೋದು.

ಅವಳು ಟೇಪನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ಬಿಚ್ಚಿದಳು. ಆಮೇಲೆ ಅತ್ತಳು. ಅಳಲಿ ಅಂತ ಬಿಟ್ಟೆ.

ಅತ್ತು ಮುಗಿದ ಮೇಲೆ ಇದ್ದಬದ್ದ ಭಯವೆಲ್ಲ ಹೊರಗೆ ಬಂತು. ಈಗ 34 ವಾರ. ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅಂತಾರಲ್ಲ, ನಿಜವಾ? ಹಿಪ್ಪೊಕ್ರೇಟಸ್ ಅನ್ನೋ ಹಳೇ ಕಾಲದ ವೈದ್ಯನ ಹೆಸರಿನಲ್ಲಿ ಉಳಿದಿರುವ ಗ್ರೀಕ್ ಬರಹಗಳಲ್ಲೇ ಈ ಮಾತಿದೆ. ಎರಡು ಸಾವಿರ ವರ್ಷಕ್ಕೂ ಹಳೆಯದು, ಆದರೂ ತಪ್ಪು. ಒಳಗೆ ಕಳೆದ ಒಂದೊಂದು ವಾರವೂ ಮಗುವಿನ ಶ್ವಾಸಕೋಶಕ್ಕೆ ಲಾಭವೇ. ನಿನ್ನೆ ಹುಣ್ಣಿಮೆಯಲ್ಲಿ ನೋವು ಬಂದುಬಿಡಬಹುದು ಅಂತ ರಾತ್ರಿಯಿಡೀ ಎದ್ದಿದ್ದಳಂತೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಐದು ಲಕ್ಷಕ್ಕೂ ಜಾಸ್ತಿ ಹೆರಿಗೆ ಲೆಕ್ಕ ಹಾಕಿ ನೋಡಿದ್ದಾರೆ, ಚಂದ್ರನಿಗೂ ಹೆರಿಗೆಗೂ ನಂಟು ಸಿಕ್ಕಿಲ್ಲ. ಹೇಳಿದೆ. ಪಾಪ, ನಿದ್ದೆ ಕೆಟ್ಟಿದ್ದೊಂದೇ ಬಂತು.

ಎದೆಯುರಿ ಜಾಸ್ತಿ ಇದ್ದರೆ ಮಗುವಿಗೆ ಕೂದಲು ಜಾಸ್ತಿ ಅನ್ನೋದೂ ಸುಳ್ಳಾ ಅಂತ ಕೇಳಿದಳು. ಇದಕ್ಕೆ ಮಾತ್ರ ಖುಷಿಯಿಂದ ಉತ್ತರ ಕೊಟ್ಟೆ. 2006ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಇದನ್ನು ಸುಳ್ಳು ಅಂತ ತೋರಿಸಲು ಹೊರಟರು. 64 ಬಸುರಿಯರು. ಎದೆಯುರಿ ಜೋರಾಗಿದ್ದ 28 ಜನರಲ್ಲಿ 23 ಜನರ ಮಕ್ಕಳಿಗೆ ಕೂದಲು ಚೆನ್ನಾಗಿಯೇ ಇತ್ತು. ಎದೆಯುರಿಯೇ ಇಲ್ಲದ 12 ಜನರಲ್ಲಿ 10 ಜನರ ಮಕ್ಕಳಿಗೆ ಸರಾಸರಿಗಿಂತ ಕಡಿಮೆ. ಎರಡಕ್ಕೂ ಒಂದೇ ಹಾರ್ಮೋನು ಕಾರಣ ಇರಬಹುದು ಅಂತ ಅವರ ಊಹೆ. ಸಣ್ಣ ಅಧ್ಯಯನವೇ, ಆದರೂ ಹಿರಿಯರ ಕಣ್ಣು ಎಷ್ಟು ಸೂಕ್ಷ್ಮ ಅನ್ನಿಸಿತು. ಪುಟ್ಟಿ ಎದೆ ಉಜ್ಜಿಕೊಂಡು, "ಹಾಗಾದ್ರೆ ಇದಕ್ಕೆ ಜಡೆಯೇ ಇರುತ್ತೆ" ಅಂದಳು. ನಾಲ್ಕು ದಿನದಲ್ಲಿ ಮೊದಲ ನಗು ಇರಬೇಕು.

ಒಂದು ಮಾತು ಮಾತ್ರ ಅವಳಿಂದ ಎರಡೆರಡು ಸಲ ಹೇಳಿಸಿದೆ. ದಿನ ಹತ್ತಿರ ಬಂದಾಗ ಮಗು ಸುಮ್ಮನಾಗುತ್ತೆ ಅಂತಾರಲ್ಲ, ಅದನ್ನು ನಂಬಬೇಡ. ಒದೆತದ ರೀತಿ ಬದಲಾಗಬಹುದು. ಆದರೆ ಕಡಿಮೆ ಆಗಬಾರದು. ಕಡಿಮೆ ಅನ್ನಿಸಿದ ತಕ್ಷಣ, ರಾತ್ರಿ ಎರಡು ಗಂಟೆಯಾದರೂ ಸರಿ, ಆಸ್ಪತ್ರೆಗೆ. ಬೆಳಗಾಗಲಿ ಅಂತ ಕಾಯಬಾರದು. ಈ ಬ್ಲಾಗ್ ಓದುವ ಬಸುರಿಯರಿಗೂ ಇದೇ ಹೇಳ್ತೀನಿ.

ಊಟ ಆದಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಸಿಟ್ಟಿನಲ್ಲೇ ಮಾಡಿದೆ. ದೊಡ್ಡಮ್ಮನಿಗೆ ಸ್ವಲ್ಪ ಹೇಳು, ಹುಡುಗಿ ನಾಲ್ಕು ದಿನದಿಂದ ಸರಿಯಾಗಿ ಉಂಡಿಲ್ಲ ಅಂದೆ. ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ.

"ರಘು ಹುಟ್ಟೋಕೆ ಮುಂಚೆ ಅಕ್ಕನಿಗೆ ಒಂದು ಹೆಣ್ಣುಮಗು ಆಗಿತ್ತು. ನಿಮಗೆ ಯಾರಿಗೂ ಹೇಳಿಲ್ಲ. ಅಳಲೇ ಇಲ್ಲ ಅದು. ಕತ್ತಿಗೆ ಬಳ್ಳಿ ಸುತ್ತಿತ್ತು. ಹಿಂದಿನ ದಿನ ಅಟ್ಟದ ಮೇಲಿಂದ ಪಾತ್ರೆ ಇಳಿಸಿದ್ದಳು. ಹೆರಿಗೆ ಮಾಡಿಸಿದವಳು, ಅದಕ್ಕೇ ಹೀಗಾಯ್ತು ಅಂದಳು."

46 ವರ್ಷ. ದೊಡ್ಡಮ್ಮ ಇವತ್ತಿಗೂ ಅಟ್ಟದ ಸಾಮಾನು ತಾವು ಇಳಿಸಲ್ಲ, ನಮ್ಮನ್ನೇ ಕರೀತಾರೆ. ಎತ್ತರ ಸಾಲದು ಅಂತ ಅಂದುಕೊಂಡಿದ್ದೆ.

ಆ ಮಗು ಯಾಕೆ ಉಳಿಯಲಿಲ್ಲ ಅಂತ ಈಗ ಯಾರೂ ಹೇಳಲು ಆಗಲ್ಲ. ಪಾತ್ರೆ ಇಳಿಸಿದ್ದಕ್ಕಲ್ಲ, ಅಷ್ಟು ಮಾತ್ರ ಹೇಳಬಹುದು. ಪುಟ್ಟಿಗೆ ಹೇಳಲು ಟೇಪಿತ್ತು, ಮೆಟ್ಟಿಲಿತ್ತು, ಹೊಟ್ಟೆಯಲ್ಲಿ ಒದೆಯುವ ಮಗು ಇತ್ತು. ದೊಡ್ಡಮ್ಮನಿಗೆ ಫೋನಿನಲ್ಲಿ ಹೇಳುವ ಮಾತಲ್ಲ ಇದು. ಭಾನುವಾರ ಹೋಗಬೇಕು. ಹೋಗಿ ಪಕ್ಕದಲ್ಲಿ ಕೂತು, ದೊಡ್ಡಮ್ಮ, ಅಮ್ಮ ನನಗೆ ಹೇಳಿದಳು ಅಂತ ಶುರು ಮಾಡಲಾ? ಇಲ್ಲ, ಮೊದಲು ಆ ಮಗುವಿಗೆ ಹೆಸರಿಟ್ಟಿದ್ದರಾ ಅಂತ