ಪರ್ತ್–ಲಂಡನ್: ದೂರ ಒಂದೇ, ಗಂಟೆ ಬೇರೆ

ಆಸ್ಟ್ರೇಲಿಯಾದ ಪರ್ತ್‌ನಿಂದ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣಕ್ಕೆ ಸುಮಾರು 14,500 ಕಿಲೋಮೀಟರ್ ದೂರವಿದ್ದು, 2018ರ ಮಾರ್ಚ್‌ನಲ್ಲಿ ಕ್ವಾಂಟಾಸ್ ಆರಂಭಿಸಿದ ನೇರ ವಿಮಾನವು ಎಲ್ಲಿಯೂ ಇಳಿಯದೆ 17 ಗಂಟೆಗೂ ಹೆಚ್ಚು ಹೊತ್ತು ಹಾರಿ ಈ ದಾರಿಯನ್ನು ಕ್ರಮಿಸುತ್ತದೆ. ಮರಳುವ ಪ್ರಯಾಣ ಮಾತ್ರ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಅತಿ ಎತ್ತರದಲ್ಲಿ ರಭಸದಿಂದ ಬೀಸುವ ಜೆಟ್ ಸ್ಟ್ರೀಮ್ ಗಾಳಿಯು ಹೋಗುವಾಗ ಎದುರಾಗಿ ತಡೆಯುತ್ತದೆ, ಬರುವಾಗ ಹಿಂದಿನಿಂದ ತಳ್ಳುತ್ತದೆ. ಕಿಲೋಮೀಟರುಗಳನ್ನು ವೇಗದಿಂದ ಭಾಗಿಸಿದ ಮಾತ್ರಕ್ಕೆ ಪ್ರಯಾಣದ ಅವಧಿ ಸಿಗುವುದಿಲ್ಲ. ನನಗೆ ಇದಕ್ಕಿಂತ ಸೋಜಿಗವೆನಿಸುವುದು ಗಡಿಯಾರದ ಲೆಕ್ಕ: ಸಂಜೆ ಪರ್ತ್ ಬಿಟ್ಟವರು ಮರುದಿನ ಬೆಳಗಿನ ಜಾವ ಲಂಡನ್ನಿನಲ್ಲಿ ಇಳಿಯುವುದರಿಂದ, ಸ್ಥಳೀಯ ಸಮಯದಂತೆ ಒಂದೇ ರಾತ್ರಿ ಕಳೆದಂತೆ ಕಂಡರೂ ಕತ್ತಲೆಯು ವಿಮಾನದ ಜೊತೆಗೇ ಪಶ್ಚಿಮಕ್ಕೆ ಸಾಗುತ್ತಿರುತ್ತದೆ. ಕಿಟಕಿ ಪಕ್ಕದ ಸೀಟಿಗೆ ಹೆಚ್ಚು ಹಣ ಕೊಡುವುದು, ನನ್ನ ಅಭಿಪ್ರಾಯದಲ್ಲಿ, ಈ ದಾರಿಯಲ್ಲಿ ವ್ಯರ್ಥ.