ಒಂದು ಡ್ರಾ ಆಗಿದ್ರೂ ಸಾಕಿತ್ತಲ್ಲ ಮಾರಾಯ್ರೇ

ಡೆನ್ಮಾರ್ಕ್‌ನ ಫುಟ್ಬಾಲ್ ಲೀಗ್ ಸೂಪರ್‌ಲೀಗಾದ 2023-24 ಸೀಸನ್ ನೆನಪಾದ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಇರೋದೇ 12 ಟೀಮು, 22 ರೌಂಡ್ ಆದ್ಮೇಲೆ ಟೇಬಲ್‌ನ ಅರ್ಧಕ್ಕೆ ಕತ್ತರಿಸಿ ಮೇಲಿನ ಆರು ಟೀಮು ತಮ್ತಮ್ಮಲ್ಲೇ ಇನ್ನೂ 10 ಮ್ಯಾಚ್ ಆಡ್ಬೇಕು, ನಡುವೆ ಚಳಿ ಅಂತ ಉದ್ದದ ರಜೆ ಬೇರೆ, ಅಷ್ಟೆಲ್ಲ ಎಳೆದಾಡಿ ಮೇ 26ಕ್ಕೆ ಬಂದು ನಿಂತಾಗ ಬ್ರೋನ್‌ಬಿಗೂ 62 ಪಾಯಿಂಟು ಮಿಟ್‌ಯುಲ್ಯಾಂಡ್‌ಗೂ 62. ಪಾಯಿಂಟು ಸಮ ಆದ್ರೆ ನೋಡೋ ಗೋಲ್ ಡಿಫರೆನ್ಸಲ್ಲಿ (ಹೊಡೆದ ಗೋಲಲ್ಲಿ ಬಿಟ್ಕೊಟ್ಟ ಗೋಲು ಕಳೆದ ಲೆಕ್ಕ) ಬ್ರೋನ್‌ಬಿನೇ ಮುಂದೆ, ಅದೂ ಹೋಮ್ ಗ್ರೌಂಡ್, ಎದುರಿಗೆ ಎಜಿಎಫ್. ಸೋತ್ರು, 2-3! ಆ ಕಡೆ ಮಿಟ್‌ಯುಲ್ಯಾಂಡ್‌ನೋರೂ ಏನ್ ಗೆಲ್ಲಲಿಲ್ಲ, ಸಿಲ್ಕೆಬೋರ್ ಜೊತೆ 3-3, ಅಷ್ಟಕ್ಕೇ 63 ಆಗಿ ಟ್ರೋಫಿ ಎತ್ಕೊಂಡ್ರು.

ಗೆದ್ದೋರ ಮೇಲೆ ಸಿಟ್ಟಿಲ್ಲಪ್ಪ, 1999ರಲ್ಲಿ ಎರಡು ಕ್ಲಬ್ ಕೂಡಿಸಿ ಮಾಡಿದ ಟೀಮು, ಅದು ನಾಲ್ಕನೇ ಟೈಟಲ್, ಕಮ್ಮಿ ಮಾತಲ್ಲ. ಆದ್ರೆ ಎಲ್ರೂ ಆ ಕೊನೇ ಮ್ಯಾಚನ್ನೇ ಬೈತಾರೆ, ಅದಕ್ಕೆ ಮುಂಚೆ 31 ಮ್ಯಾಚಲ್ಲಿ ಎಲ್ಲೆಲ್ಲೋ ಚೆಲ್ಲಿ ಬಂದ ಪಾಯಿಂಟಿನ ಲೆಕ್ಕ ಯಾರೂ ಕೇಳಲ್ಲ, ನಾವೂ ಹಂಗೇ ಬಿಡಿ.

ಬ್ರೋನ್‌ಬಿಯ ಬದ್ಧ ಎದುರಾಳಿ ಕೋಪನ್‌ಹೇಗನ್‌ನೋರು ಮೂರನೇ ಸ್ಥಾನಕ್ಕೆ ಹೋದ್ರು, ಬ್ರೋನ್‌ಬಿ ಫ್ಯಾನ್ಸಿಗೆ ಸಿಕ್ಕ ಸಮಾಧಾನ ಅದೊಂದೇ ಇರ್ಬೇಕು 😄